ಥೋಮ್‌ಳ ಗದ್ದೆಗೆ ಉಪ್ಪುನೀರು ಬಿಟ್ಟವರು

ಕಾ ಮಾವ್ ಪ್ರಾಂತ್ಯದ ಆ ತಗ್ಗಿನಲ್ಲಿ ಕಡಲಿಗಿಂತ ನೆಲ ಮೊಣಕಾಲಿನಷ್ಟೂ ಎತ್ತರವಿಲ್ಲ. ಮಳೆ ನಿಂತಿತೆಂದರೆ ಉಬ್ಬರದ ಜೊತೆ ಉಪ್ಪುನೀರು ಕಾಲುವೆಗಳೊಳಗೆ ಏರಿ ಬರುತ್ತದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ್ದ ಥೋಮ್, ತಾಯಿ ಬಿಟ್ಟುಹೋದ ಗದ್ದೆಯಲ್ಲಿ ತಮ್ಮ ರಾಂಗ್‌ನ ಜೊತೆ ಭತ್ತ ಬೆಳೆಯುತ್ತಿದ್ದಳು. ಇಬ್ಬರಿಗೂ ಒಂದೇ ಒಡ್ಡು, ಒಂದೇ ತೂಬು.

ನೆರೆಯವರು ಒಬ್ಬೊಬ್ಬರಾಗಿ ಒಡ್ಡು ಕಡಿದು ಉಪ್ಪುನೀರು ಬಿಟ್ಟುಕೊಂಡು ಸೀಗಡಿ ಸಾಕಣೆಗೆ ಇಳಿದರು. "ಇಡೀ ಊರು ಉಪ್ಪಾದ್ರೂ ನಿಮ್ಮಕ್ಕಂಗೆ ಅನ್ನದ್ದೇ ಚಿಂತೆ" ಎಂದು ರಾಂಗ್‌ನನ್ನು ಛೇಡಿಸುತ್ತಿದ್ದರು. "ನಮ್ಮಕ್ಕನ ಸುದ್ದಿಗೆ ಬಂದ್ರೆ ಕಾಲು ಮುರೀತೀನಿ" ಎನ್ನುತ್ತಿದ್ದ ಅವನು. ಥೋಮ್‌ಗೆ ಅಷ್ಟು ಸಾಕಿತ್ತು.

ತೆನೆ ಹಾಲು ತುಂಬುವ ಹೊತ್ತಿಗೆ ಚಿಕ್ಕಮ್ಮನ ಊರಿನಲ್ಲಿ ಅಜ್ಜನ ತಿಥಿ ಬಂತು. ಹುಣ್ಣಿಮೆಯ ಉಬ್ಬರ ಹತ್ತಿರವಿದ್ದುದರಿಂದ ಥೋಮ್ ಹಿಂದುಮುಂದು ನೋಡಿದಳು.

"ಹೋಗಿ ಬಾರಕ್ಕ. ತೂಬು ನೋಡ್ಕೊಳೋಕೆ ನಾನಿಲ್ವಾ?" ಎಂದ ರಾಂಗ್, ತಾನೇ ದೋಣಿ ಗೊತ್ತುಮಾಡಿದ. ದಂಡೆಯ ಮೇಲಿದ್ದ ನೆರೆಯವರೂ ನಗುತ್ತ ಕೈಬೀಸಿದರು.

ಹಿಂದಿರುಗುವಾಗ ದೋಣಿಯಿಂದಲೇ ಕಂಡಿತು: ಭತ್ತದ ಎಲೆ ಮುರುಟಿತ್ತು, ಗದ್ದೆ ತುಂಬ ನೀರು. ಬೆರಳದ್ದಿ ನಾಲಿಗೆಗಿಟ್ಟುಕೊಂಡಳು. ತೂಬಿನ ಹಲಗೆಗಳು ಮುರಿದಿರಲಿಲ್ಲ. ಒಂದೊಂದಾಗಿ ತೆಗೆದು ದಂಡೆಯ ಮೇಲೆ ಜೋಡಿಸಿಟ್ಟಿದ್ದರು. ರಾಂಗ್ ನಡುನೀರಿನಲ್ಲಿ ನಿಂತು ಚೀಲದಿಂದ ಸೀಗಡಿ ಮರಿ ಬಿಡುತ್ತಿದ್ದ.

"ತೂಬು ತೆಗೆದಿದ್ದು ಯಾರೋ?"

"ನಾನೇ. ಸುತ್ತ ಎಲ್ಲಾ ಉಪ್ಪು. ಒಡ್ಡಿನ ಬುಡದಿಂದ ಜಿನುಗ್ತಾನೇ ಇತ್ತು. ನಮ್ದೊಂದು ಎಷ್ಟು ದಿನ ಉಳಿಯುತ್ತೆ?"

"ಕೊಯ್ಲಾಗೋವರೆಗೂ ತಡೀಬಾರ್ದಿತ್ತಾ? ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ನಿನ್ನನ್ನ ಚಿಕ್ಕಮ್ಮನೂರಿಗೆ ಕಳ್ಸಿದ್ದು."

ಭತ್ತ ಹೋದದ್ದನ್ನು ಅವಳು ಹೇಗೋ ಸಹಿಸುತ್ತಿದ್ದಳು. ಆದರೆ ಅವನು ಹಿರಿಯರ ಹೆಸರಿನಲ್ಲಿ ತನ್ನನ್ನು ಮನೆಯಿಂದ ಹೊರಡಿಸಿದ್ದ. ಅದು ಇಡೀ ದಂಡೆಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೈಬೀಸಿದ್ದರು. ಅವಳು ಹಸಿ ಪೈರು ಕೊಯ್ದು ಬಾತುಕೋಳಿಗಳಿಗೆ ಹಾಕಿದಳು. ತೀರಿಕೊಂಡ ತಾಯಿಗೆ ಎಡೆ ಇಡುತ್ತಿದ್ದ ಪೂಜಾಪೀಠವನ್ನು ನಡುಮನೆಯಿಂದ ತನ್ನ ಕೋಣೆಗೆ ಸಾಗಿಸಿದಳು.

ಮರುಮಳೆಗಾಲದಲ್ಲಿ ಗದ್ದೆಯ ನಡುವೆ ಒಡ್ಡು ಹಾಕಿಸಿ, ತನ್ನ ಪಾಲಿಗೆ ಬೇರೆ ತೂಬು ಇಡಿಸಿದಳು. ಎರಡು ಮಳೆಗಾಲ ನೆಲದ ಉಪ್ಪು ತೊಳೆದ ಮೇಲೆ ತೆಳ್ಳಗೆ ಭತ್ತ ಬಂತು. ಅದೇ ವರ್ಷ ರಾಂಗ್‌ನ ಸೀಗಡಿಗೆ ರೋಗ ತಗಲಿ ಎಲ್ಲವೂ ಸತ್ತವು. ಅವನು ಒಡ್ಡಿನಾಚೆ ನಿಂತು, "ಅಕ್ಕ, ಮತ್ತೆ ಒಟ್ಟಿಗೆ ಮಾಡೋಣ್ವಾ?" ಎಂದ.

"ಹಸಿವಾದ್ರೆ ಬಂದು ಉಣ್ಣು. ಗದ್ದೆಗೆ ಮಾತ್ರ ಕಾಲಿಡ್ಬೇಡ."

ಅವನು ಬಂದ. ತಲೆ ಎತ್ತದೆ ಉಂಡ. ಅವನು ಎದ್ದುಹೋದ ಮೇಲೆ ಥೋಮ್ ತನಗೆ ಬಡಿಸಿಕೊಂಡಳು.