ಗಾಬರಿ ಅಕ್ಕ ಸಿಕ್ಕಿಸಿದ ಬ್ಲೇಡು

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಕಾಯಿಲೆಗೆ ಅಂಜುವುದಿಲ್ಲ. ದಿನವೂ ನೋಡಿ ನೋಡಿ ಅಭ್ಯಾಸವಾಗಿರುತ್ತದೆ. ಇವಳು ಮಾತ್ರ ತದ್ವಿರುದ್ಧ. ಮಾತ್ರೆಯ ಡಬ್ಬಿಯೊಳಗೆ ಮಡಿಚಿಟ್ಟ ಸಣ್ಣಕ್ಷರದ ಚೀಟಿ ಇರುತ್ತದಲ್ಲ, ಎಲ್ಲರೂ ಬಿಸಾಡುವಂಥದ್ದು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವವಳು ಇಡೀ ಬೀದಿಯಲ್ಲಿ ಇವಳೊಬ್ಬಳೇ. ಮಗಳು ಸೀನಿದರೆ ನ್ಯುಮೋನಿಯಾ, ಗಂಡ ಹತ್ತು ನಿಮಿಷ ತಡವಾದರೆ ಅಪಘಾತ. ಬೀದಿಯವರು ಅವಳಿಗೆ ಗಾಬರಿ ಅಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆದರೂ ಅವಳು ಬೇಸರಿಸುತ್ತಿರಲಿಲ್ಲ. ಗಾಬರಿಪಡುವುದಕ್ಕೆ ಅದಕ್ಕಿಂತ ದೊಡ್ಡ ವಿಷಯಗಳು ಬೇಕಾದಷ್ಟಿದ್ದವು.

ದೇವರ ಜೊತೆಗೂ ಅವಳ ನಂಟು ಗುಮಾಸ್ತನ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತವರ ನಂಟಿನಂಥದ್ದೇ. ಬೆಳಗ್ಗೆ ಎದ್ದ ಕೂಡಲೇ ಇದಾಗದಿರಲಿ, ಅದಾಗದಿರಲಿ ಎಂದು ಒಂದುಸಿರಿನಲ್ಲಿ ಒಪ್ಪಿಸಿಬಿಡುವಳು. ಆಗದೆ ಉಳಿದದ್ದಕ್ಕೆ ತಿರುಗಿ ಹೋಗಿ ಉಪಕಾರದ ಒಂದು ಮಾತು ಹೇಳಿದವಳಲ್ಲ. ಮರುದಿನದ ಅರ್ಜಿ ಆಗಲೇ ಸಿದ್ಧವಾಗಿರುತ್ತಿತ್ತು.

ಗಂಡನದು ಔಷಧಿ ಅಂಗಡಿಯಿಂದ ಎರಡು ಬಾಗಿಲು ಆಚೆ, ಒಂದೇ ಕುರ್ಚಿಯ ಕ್ಷೌರದಂಗಡಿ. ಒಂದು ಬೆಳಗ್ಗೆ ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟುತ್ತಿದ್ದಾಗ ಅವನ ಬಲಗೈಯಿಂದ ಬಾಚಣಿಗೆ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನೇ ಕುಸಿದ. ಲಕ್ವ. ನಾಲ್ಕು ತಿಂಗಳಲ್ಲಿ ಮಾತು ಮರಳಿತು, ಕಾಲು ಮರಳಿತು, ಕೈಯೂ ಮುಕ್ಕಾಲು ಪಾಲು ಮರಳಿತು. ಬೆರಳ ತುದಿಗಳು ಮಾತ್ರ ಇನ್ನೂ ಬಂದಿರಲಿಲ್ಲ. ಹತ್ತಿ ತುಂಬಿದ ಹಾಗಿದೆ ಎನ್ನುತ್ತಿದ್ದ. ಕೆಲಸ ಶುರುಮಾಡಿ ನೋಡಿ ಎಂದರು ಡಾಕ್ಟರು. ಆದರೆ ಅಂಗಡಿಯ ಕಟ್ಟಡದ ಯಜಮಾನರು, ಮೇಲಿನ ಮಹಡಿಯಲ್ಲಿರುವವರು, ಒಳ್ಳೆಯವರೇ, ನಾಲ್ಕು ತಿಂಗಳು ಬಾಡಿಗೆಯ ಬಗ್ಗೆ ಬಾಯಿಬಿಡದೆ ಇದ್ದವರು, ಈಗ ಕೇಳಿದ್ದರು: ತಿಂಗಳ ಕೊನೆಯೊಳಗೆ ಹೇಳಿ, ಅಂಗಡಿ ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ.

ಅಂಗಡಿ ಬಿಟ್ಟರೆ ಬದುಕುವುದು ಹೇಗೆ ಎಂಬುದಕ್ಕಿಂತ, ಕುರ್ಚಿಯ ಹಿಂದೆ ನಿಲ್ಲದ ಈ ಮನುಷ್ಯ ಏನಾಗಿ ಉಳಿಯುತ್ತಾನೆ ಎಂಬ ಪ್ರಶ್ನೆ ಅವಳನ್ನು ತಿನ್ನುತ್ತಿತ್ತು.

ಕೆಲಸ ಕಲಿಯುವ ಕಾಲದಲ್ಲಿ ಅವನು ಕೈ ಪಳಗಿಸಿದ್ದು ಬಲೂನಿನ ಮೇಲೆ. ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದ ಹಾಗೆ ಕತ್ತಿಯಿಂದ ನೊರೆ ತೆಗೆಯುವುದು. ಅದೇ ಪಾಠ ಮತ್ತೆ ಆರಂಭವಾಯಿತು. ಆರು ವರ್ಷದ ಮಗಳು ಕೆನ್ನೆ ಉಬ್ಬಿಸಿ ಊದಿಕೊಡುವಳು, ಕಣ್ಣು ಮೂಗು ಬರೆದು ಹೆಸರಿಡುವಳು. ಇವನು ನೊರೆ ಹಚ್ಚಿ ಉಸಿರು ಬಿಗಿಹಿಡಿದು ಕತ್ತಿ ಎಳೆಯುವನು. ಢಂ. ಮಗಳಿಗೆ ಚಪ್ಪಾಳೆ, ಅಪ್ಪನ ಮೂಗಿಗೆಲ್ಲ ನೊರೆ. ದಿನವೂ ಯಾರ ಹುಟ್ಟುಹಬ್ಬ ಎಂದು ಪಕ್ಕದ ಮನೆಯವರು ವಿಚಾರಿಸಿದ್ದೂ ಆಯಿತು.

ಕತ್ತಿಗೆ ಬ್ಲೇಡು ಸಿಕ್ಕಿಸುವ ಕೆಲಸ ಹೆಂಡತಿಯದು. ತೆಳ್ಳನೆಯ ಬ್ಲೇಡು ಆ ಮರಗಟ್ಟಿದ ಬೆರಳುಗಳಿಗೆ ಸಿಗುತ್ತಿರಲಿಲ್ಲ. ಗಾಬರಿ ಅಕ್ಕ ತನ್ನ ಬುದ್ಧಿ ಓಡಿಸಿದ್ದು ಅಲ್ಲೇ. ಗಂಡ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ ಎಂದು ಚೀಟಿಯಲ್ಲಿ ಓದಿದ್ದಳು. ಹೊಸ ಬ್ಲೇಡು ಬೆರಳಿಗೆ ತಾಗಿದರೆ ಅವನಿಗೆ ಗೊತ್ತೂ ಆಗದು. ಹಾಗಾಗಿ ಔಷಧಿಯ ರಟ್ಟಿನ ಪೆಟ್ಟಿಗೆಗಳನ್ನು ಕುಯ್ದು ಕುಯ್ದು ಮೊಂಡಾದ ಬ್ಲೇಡುಗಳನ್ನು ಒರೆಸಿ ತಂದು, ತುಟಿ ಪಿಟಕ್ಕೆನ್ನದೆ ಸಿಕ್ಕಿಸುತ್ತಿದ್ದಳು. ಹೊಸ ಪೊಟ್ಟಣ ಕ್ಷೌರದಂಗಡಿಯ ಡ್ರಾಯರಿನಲ್ಲಿ ಮುಚ್ಚಿದಂತೆಯೇ ಇತ್ತು.

ಹನ್ನೊಂದು ಬಲೂನು ಒಡೆದವು. ಹನ್ನೊಂದಕ್ಕೂ ಅವನು ಬೈದದ್ದು ತನ್ನ ಕೈಯನ್ನೇ. ಆಮೇಲೆ ಬೈಯುವುದನ್ನೂ ಬಿಟ್ಟ. ಊಟಕ್ಕೆ ಕರೆದರೆ ಬರುವನು, ಕೂರುವನು, ತಟ್ಟೆ ನೋಡುವನು. ಅವಳು ಸ್ನಾನದ ಮನೆಯ ನಲ್ಲಿ ಜೋರಾಗಿ ಬಿಟ್ಟು, ಯಾರಿಗೂ ಕೇಳದ ಹಾಗೆ, ಇವರ ಕೈ ಒಂದು ಕೊಟ್ಟುಬಿಡು ತಂದೆ ಎಂದು ದೇವರನ್ನು ಬೇಡುವಳು. ಬೇಡಿ ಬಂದು ಮತ್ತೆ ಮೊಂಡು ಬ್ಲೇಡು ಸಿಕ್ಕಿಸುವಳು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ. ಪಾಪ, ಚಿವುಟುತ್ತಿರುವುದು ತಾನೇ ಎಂದು ಅವಳಿಗೆ ತಿಳಿದಿರಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಗಾರೆ ಮೇಸ್ತ್ರಿ ಕ್ಷೌರದಂಗಡಿಗೆ ಬಂದ. ಹದಿನೈದು ವರ್ಷಗಳಿಂದ ಬರುತ್ತಿದ್ದ ಗಿರಾಕಿ. ಬೇರೆಯವರ ಕೈಗೆ ಕೆನ್ನೆ ಕೊಡುವುದಿಲ್ಲವೆಂದು ನಾಲ್ಕು ತಿಂಗಳಿಂದ ಗಡ್ಡ ಬಿಟ್ಟುಕೊಂಡಿದ್ದ. ಒಣಗಿದ ಸಿಮೆಂಟಿನ ಚೂರುಗಳು ಅಲ್ಲಲ್ಲಿ ಮನೆಮಾಡಿಕೊಂಡಿದ್ದ ಗಡ್ಡ ಅದು. ಬಂದವನೇ ಕುರ್ಚಿಯಲ್ಲಿ ಕೂತ. ಗಂಡ ಬಲೂನುಗಳ ಕಥೆ ಹೇಳಿ, ನನ್ನ ಕೈ ಕೆಟ್ಟಿತು, ಅಂಗಡಿ ಬಿಡುತ್ತಿದ್ದೇನೆ ಎಂದ.

"ಬಲೂನಿಗೆ ಬಾಯಿಲ್ಲ, ಒಡೆದು ಹೋಯ್ತು. ನಂಗೆ ಬಾಯಿದೆ ತಮ್ಮಾ, ನೋವಾದ್ರೆ ಹೇಳ್ತೀನಿ. ಹಚ್ಚು ನೊರೆ" ಎಂದ ಮೇಸ್ತ್ರಿ.

ಗಂಡ ಬೇಡವೆಂದ, ಮೇಸ್ತ್ರಿ ಏಳಲಿಲ್ಲ. ಕಾಲು ಗಂಟೆ ಹೀಗೇ ಎಳೆದಾಡಿದ ಮೇಲೆ ಗಂಡ ಕತ್ತರಿ ತೆಗೆದುಕೊಂಡು ನಿಧಾನವಾಗಿ ಗಡ್ಡ ಗಿಡ್ಡ ಮಾಡಿದ, ನೊರೆ ಹಚ್ಚಿದ. ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಕೊಡಲು ಬಂದು ಬಾಗಿಲಲ್ಲೇ ನಿಂತಿದ್ದ ಹೆಂಡತಿಯ ಕಡೆ ಕತ್ತಿ ಚಾಚಿದ.

"ಹೊಸ ಬ್ಲೇಡ್ ಹಾಕೇ. ಮೊಂಡಾದದ್ದು ಚರ್ಮ ಹಿಡಿದು ಎಳೆಯತ್ತೆ, ಅದೇ ಗಾಯ ಮಾಡೋದು. ಹರಿತವಾದದ್ದು ತಾನಾಗಿ ಜಾರತ್ತೆ."

ಅವಳ ಕೈ ಔಷಧಿ ಅಂಗಡಿಯ ಕೋಟಿನ ಜೇಬಿನಲ್ಲಿದ್ದ ಹಳೆ ಬ್ಲೇಡಿನ ಮೇಲೇ ಇತ್ತು. ಹನ್ನೊಂದು ಬಲೂನುಗಳೂ ಒಟ್ಟಿಗೆ ಕಿವಿಯಲ್ಲಿ ಒಡೆದಂತಾಯಿತು. ಸುಮ್ಮನೆ ಹೊಸದನ್ನು ಸಿಕ್ಕಿಸಿ ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತನ್ನ ಕೈ ಕೆಟ್ಟಿದೆ ಎಂದು ನಂಬಿದ ಮನುಷ್ಯ ಇನ್ನೊಬ್ಬರ ಗಂಟಲಿನ ಮೇಲೆ ಹೇಗೆ ಕತ್ತಿಯಿಡುತ್ತಾನೆ?

"ರೀ," ಎಂದಳು. "ಬಲೂನ್ ಒಡೆದದ್ದು ನಿಮ್ಮ ಕೈಯಿಂದಲ್ಲ. ನಾನು ರಟ್ಟು ಕುಯ್ಯೋ ಬ್ಲೇಡ್ ಹಾಕ್ತಿದ್ದೆ. ಹನ್ನೊಂದಕ್ಕೂ."

ಗಂಡನ ಮುಖ ಕೆಂಪಾಯಿತು. ತನ್ನ ಬಲಗೈಯನ್ನು ಎತ್ತಿ, ಆ ಕಡೆ ಈ ಕಡೆ ತಿರುಗಿಸಿ, ಬಹಳ ದಿನ ಬೈದ ಮಗುವನ್ನು ನೋಡುವಂತೆ ನೋಡಿಕೊಂಡ.

"ರಟ್ಟು ಕುಯ್ಯೋ ಬ್ಲೇಡಲ್ಲಿ ಬಲೂನಾ?" ಎಂದ. "ಅದ್ರಲ್ಲಿ ನಮ್ಮ ಗುರುಗಳಿಗೂ ಆಗ್ತಿರಲಿಲ್ಲ ಕಣೇ."

ನೊರೆಯೊಳಗಿಂದ ಮೇಸ್ತ್ರಿ, "ತಂಗೀ, ಇವತ್ತು ಯಾವುದು ಹಾಕ್ತೀಯ ಅಂತ ಮೊದಲು ನಂಗೆ ತೋರಿಸಮ್ಮ" ಎಂದ. ಗಂಡ ನಕ್ಕ. ಬಾಚಣಿಗೆ ಜಾರಿದ ದಿನದಿಂದ ಈಚೆಗೆ ಹೊಟ್ಟೆಯಿಂದ ಬಂದ ಮೊದಲ ನಗು ಅದು.

ಅವಳು ಡ್ರಾಯರಿನ ಪೊಟ್ಟಣ ಹರಿದು ಹೊಸ ಬ್ಲೇಡು ಸಿಕ್ಕಿಸಿದಳು. ಕತ್ತಿ ಮೇಸ್ತ್ರಿಯ ಕಿವಿಯ ಬುಡದಿಂದ ಇಳಿಯಿತು. ಸ್ವಲ್ಪ ದೂರ, ಮತ್ತೆ ನಿಂತು, ಮತ್ತೆ ಸ್ವಲ್ಪ ದೂರ. ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟುಕೊಂಡು ಗಂಡ ದವಡೆಯವರೆಗೆ ಬಂದ. ಬೇಡವೆಂದರೂ ಅವಳ ಕಣ್ಣು ಮೇಸ್ತ್ರಿಯ ಮುಖಕ್ಕೆ ಹೋಯಿತು. ಮೇಸ್ತ್ರಿ ಗೊರಕೆ ಹೊಡೆಯುತ್ತಿದ್ದ. ಗಂಟಲಿನ ಹತ್ತಿರವೇ ಕತ್ತಿ ಓಡಾಡುತ್ತಿದೆ, ಇವನು ತಾಯಿಯ ಮಡಿಲಲ್ಲಿದ್ದಂತೆ ನಿದ್ದೆ ಮಾಡುತ್ತಿದ್ದಾನೆ.

ಅಭ್ಯಾಸಬಲದಿಂದ ಅವಳು ದೇವರಿಗೆ ಅರ್ಜಿ ಬರೆಯಲು ಹೊರಟಳು. ತಂದೆ, ಎಂದಳು ಮನಸ್ಸಿನಲ್ಲೇ. ಮುಂದಿನ ಮಾತು ಬರಲಿಲ್ಲ. ಗಂಡ ನಿಂತಿದ್ದಾನೆ, ನಗುತ್ತಾನೆ, ಬೈಯಬೇಕಾದಲ್ಲಿ ತಮಾಷೆ ಮಾಡುತ್ತಾನೆ. ಕೇಳುವ ಮೊದಲೇ ಕೊಟ್ಟಾಗಿತ್ತು, ಕೇಳುವ ಗದ್ದಲದಲ್ಲಿ ತಾನು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಮನಸ್ಸಾಗದೆ ಹಾಗೇ ನಿಂತಳು.

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಒಂದು ಹನಿ ರಕ್ತವಿಲ್ಲ, ಆದರೆ ಕೈ ಸೋತಿತ್ತು. ಎಚ್ಚರಗೊಂಡ ಮೇಸ್ತ್ರಿ ಕನ್ನಡಿಯಲ್ಲಿ ಅರ್ಧ ನುಣುಪು, ಅರ್ಧ ಕುರುಚಲಾಗಿದ್ದ ಮುಖವನ್ನು ಬಹಳ ಹೊತ್ತು ನೋಡಿದ. ಇವತ್ತು ಒಂದು ಗೋಡೆಗೆ ಗಾರೆ, ನಾಳೆ ಇನ್ನೊಂದಕ್ಕೆ, ನಮ್ಮ ಕಸುಬೂ ಹಾಗೇ ಎಂದು ಟವೆಲಿನಿಂದ ಮುಖ ಒರೆಸಿಕೊಂಡು ಎದ್ದ. ಗಂಡ ನಾಚಿಕೆಯಿಂದ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹೋಗಿ ಎಂದರೆ, ಮೇಸ್ತ್ರಿ ಬೇಕೆಂದೇ ಬೀದಿಯ ನಟ್ಟನಡುವೆ ನಡೆದುಕೊಂಡು ಹೋದ.

ಅವಳು ಬುತ್ತಿಯನ್ನು ಗಂಡನ ಮುಂದಿಟ್ಟು ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋದಳು. ಅಂಗಡಿ ಇಟ್ಟುಕೊಳ್ಳುತ್ತೇವೆ ಎಂದಳು ಯಜಮಾನರಿಗೆ. ಅವರು ಬಾಲ್ಕನಿಯಿಂದ ಬೀದಿ ನೋಡುತ್ತಿದ್ದರು. ಮೇಸ್ತ್ರಿ ಇನ್ನೂ ಕಾಣುತ್ತಿದ್ದ.

"ಅರ್ಧ ಮುಖ ತಾನೇ ಆಗಿರೋದು, ಇನ್ನರ್ಧ?" ಎಂದರು.

"ನಾಳೆ ಆಗತ್ತೆ" ಎಂದಳು ಗಾಬರಿ ಅಕ್ಕ.