ಗುಲ್‌ಮೊಹರ್ ಬುಡಕ್ಕೆ ಬಿಸಿ ತೆಳಿ

ಅನ್ನ ಬಸಿದ ಬಿಸಿ ತೆಳಿಯನ್ನು ನೆರೆಮನೆಯ ಸೀತಕ್ಕನ ಗುಲ್‌ಮೊಹರ್ ಬುಡಕ್ಕೆ ಸುರಿಯುತ್ತಿದ್ದೆ. ಬೇರು ಬೆಂದುಹೋಗಲಿ ಎಂದೇ ಸುರಿದದ್ದು. ತಿರುಗಿದರೆ ಸೀತಕ್ಕ ನಿಂತಿದ್ದರು.

ಬಸ್ರೂರಿನ ನಮ್ಮ ಅಂಗಳದ ಮಲ್ಲಿಗೆಗೆ ನಾನು ದಿನವೂ ನೀರು ಸೇದಿ ಹಾಕುತ್ತಿದ್ದೆ, ಸಗಣಿ ಗೊಬ್ಬರ ಕೊಡುತ್ತಿದ್ದೆ, ಗೆಲ್ಲು ಸವರುತ್ತಿದ್ದೆ. ಆದರೂ ಒಂದು ಮೊಳ ಕಟ್ಟುವಷ್ಟು ಮೊಗ್ಗು ಬರುತ್ತಿರಲಿಲ್ಲ. ಅವರ ಮರವೋ, ಯಾರೂ ಆರೈಕೆ ಮಾಡದಿದ್ದರೂ ಬಿರುಬಿಸಿಲಲ್ಲಿ ಮೈತುಂಬ ಕೆಂಪಾಗಿ ನಿಂತಿತ್ತು. ದಾರಿಹೋಕರೆಲ್ಲ ನನ್ನ ಅಂಗಳ ದಾಟಿ ಹೋಗಿ ಅದರ ಕೆಳಗೆ ನಿಲ್ಲುತ್ತಿದ್ದರು.

ಆಗ ಯುದ್ಧದ ಕಾಲ, ಅಕ್ಕಿಗೆ ರೇಷನ್. ತೆಳಿಯನ್ನೂ ಚೆಲ್ಲದೆ ಕುಡಿಯುತ್ತಿದ್ದೆವು. ಸೀತಕ್ಕನ ಕಣ್ಣು ತುಂಬಿತು.

“ಈ ಮರಕ್ಕೆ ನಾನೇ ಒಂದ್ ಚೆಂಬ್ ನೀರ್ ಹಾಕ್ಲಿಲ್ಲೆ. ನೀನ್ ಹೊಟ್ಟಿ ಕಟ್ಟಿ ತೆಳಿ ತಂದ್ ಹಾಕ್ತ್ಯಾ ಹೆಣೆ?”

ನಾನು ಹೂಂ ಎಂದೆ.

ಮರುದಿನದಿಂದ ಅವರು ತಮ್ಮ ಮನೆಯ ಅಕ್ಕಿ ತೊಳೆದ ನೀರನ್ನು ತಂದು ನನ್ನ ಮಲ್ಲಿಗೆಗೆ ಹಾಕತೊಡಗಿದರು. ಆ ವರ್ಷ ಮಲ್ಲಿಗೆ ಬಿರಿಯಿತು. ಗುಲ್‌ಮೊಹರಿಗೂ ಏನೂ ಆಗಲಿಲ್ಲ.

ಮರದ ಮೇಲಿನ ಹೊಟ್ಟೆಕಿಚ್ಚು ಅಂದೇ ತಣಿಯಿತು. ಸೀತಕ್ಕನ ಮೇಲಿನದು ಇನ್ನೂ ಇದೆ. ಯಾರೂ ನೀರೆರೆಯದೆ ಒಬ್ಬರು ಅಷ್ಟು ಒಳ್ಳೆಯವರಾಗಿದ್ದುದನ್ನು ನಾನು ಇವತ್ತಿಗೂ ಸಹಿಸಲಾರೆ.