ತಮ್ಮನ ಆಟಕ್ಕೆ ನನ್ನ ಕಣ್ಣು

ಶನಿವಾರ ಬೆಳಿಗ್ಗೆ ನ್ಯೂಜೆರ್ಸಿಯ ನಮ್ಮ ಓಲ್ಡ್ ಬ್ರಿಡ್ಜ್ ಊರಿನ ಯಾವ ಪಾರ್ಕಿಗೆ ಹೋದರೂ ಒಂದು ದೃಶ್ಯ ತಪ್ಪುವುದಿಲ್ಲ: ಮಕ್ಕಳು ಸಾಕರ್ ಆಡುತ್ತಿರುತ್ತಾರೆ, ತಂದೆತಾಯಂದಿರು ಬಿಳಿಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದ ಶ್ರಮ ಸಾರ್ಥಕವಾಗುವಂತೆ, ಫೋನ್ ನೋಡುತ್ತಿರುತ್ತಾರೆ. ಅವರನ್ನು ಕಂಡು ಮೂಗು ಮುರಿಯುವುದು ಸುಲಭ. ಆ ಅಧಿಕಾರ ನನಗಿಲ್ಲ. ಹಾಜರಿ ಹಾಕಿಯೂ ನೋಡದಿರುವ ವಿದ್ಯೆಯಲ್ಲಿ ನಾನು ಅವರೆಲ್ಲರಿಗೂ ಗುರು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಪೂರ್ತಿಯಾಗಿ ಕರಗತವಾದ ವಿದ್ಯೆ ಅದೊಂದೇ.

ನನ್ನ ತಮ್ಮ ಮಂಜು ಪೋರ್ಚುಗಲ್ಲಿನಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರನಾಗಿದ್ದ. ಧಾರವಾಡದ ಹುಡುಗ ಪೋರ್ಚುಗೀಸ್ ಆಟಗಾರನಾದದ್ದು ಹೇಗೆಂದು ಇಲ್ಲೇ ಹತ್ತಿರದ ಐಸೆಲಿನ್ನಿನಲ್ಲಿ ನಾನು ರೊಟ್ಟಿ ಬಡಿಯುವ ಅಂಗಡಿಗೆ ಬಂದವರು ಕೇಳುತ್ತಾರೆ. ಕೇಳದವರಿಗೂ ನಾನು ಹಿಟ್ಟಿನ ಕೈ ಒರೆಸಿಕೊಂಡು ಹೇಳುತ್ತೇನೆ. ನಮ್ಮ ಅವ್ವ ಗೋವೆಯವಳು. ಅವಳ ತಂದೆ ಪೋರ್ಚುಗೀಸರ ಆಳ್ವಿಕೆಯಲ್ಲಿ ಹುಟ್ಟಿದವರಾದ್ದರಿಂದ ನಮಗೂ ಆ ದೇಶದ ಪೌರತ್ವ ದಕ್ಕಿತು. ಅವ್ವ ತೀರಿಕೊಂಡಾಗ ಮಂಜುವಿಗೆ ನಾಲ್ಕು ವರ್ಷ, ನನಗೆ ಹನ್ನೆರಡು. ಅವನನ್ನು ಎತ್ತಿಕೊಳ್ಳಲು ಪಾಟಿಚೀಲ ಕೆಳಗಿಟ್ಟೆ. ಮುಂದೆ ಅಪ್ಪ ನಮ್ಮಿಬ್ಬರನ್ನೂ ಲಿಸ್ಬನ್ನಿಗೆ ಕರೆದೊಯ್ದ. ನಾನು ಹೋಟೆಲಿನ ಪಾತ್ರೆಗಳ ಪಾಲಾದೆ, ಮಂಜು ಚೆಂಡಿನ ಬೆನ್ನು ಹತ್ತಿದ.

ಅವನು ವಿಂಗರ್. ಮೈದಾನದ ಅಂಚಿನ ಗೆರೆಗುಂಟ ಚೆಂಡನ್ನು ಒಯ್ದು, ಎದುರಾಳಿಯನ್ನು ದಾಟಿ, ಗೋಲಿನ ಮುಂದಿರುವವರಿಗೆ ತಲುಪಿಸುವವನು. ಇಡೀ ತಂಡದಲ್ಲಿ ನೋಡುಗರಿಗೆ ಅತಿ ಸಮೀಪದಲ್ಲಿ ಆಡುವವನು. ಅವನ ಏದುಸಿರು ಕೇಳುವಷ್ಟು ಹತ್ತಿರ ಕೂತು, ಹದಿಮೂರು ವರ್ಷ, ನಾನು ಅವನ ಆಟ ನೋಡಲಿಲ್ಲ.

ಕಾರಣ ಹೇಳಿದರೆ ನಗುತ್ತೀರಿ, ನಗಿ. ಅವನಿನ್ನೂ ಹದಿನೈದರ ಹುಡುಗನಾಗಿದ್ದಾಗ ಒಂದು ಪಂದ್ಯದಲ್ಲಿ ಅವನ ಓಟ ಕಂಡು ಎದೆಯುಬ್ಬಿ, ಎಷ್ಟು ಚೆಂದ ಓಡುತ್ತಾನೆ ನನ್ನ ಬಂಗಾರ ಎಂದೆ. ಮಾತು ಮುಗಿಯುವಷ್ಟರಲ್ಲಿ ಅವನು ಬಿದ್ದು ಹೆಗಲಿನ ಎಲುಬು ಮುರಿದುಕೊಂಡ. ಊರ ಕಣ್ಣಿಗಿಂತ ತಾಯಿಯ ಕಣ್ಣೇ ಮಗುವಿಗೆ ಬೇಗ ತಾಗುತ್ತದೆ ಎಂದು ನಮ್ಮ ಅಜ್ಜಿ ಉಪ್ಪು ನಿವಾಳಿಸುತ್ತ ಹೇಳುತ್ತಿದ್ದಳು. ಅವನಿಗೆ ತಾಯಿಯೆಂದರೆ ನಾನೇ ಅಲ್ಲವೆ? ಅಂದಿನಿಂದ ಚೆಂಡು ಅವನ ಕಾಲಿಗೆ ಬಂತೆಂದು ಗದ್ದಲದಿಂದ ತಿಳಿದ ಕೂಡಲೇ ತಲೆ ಬಗ್ಗಿಸುವುದನ್ನು ರೂಢಿಸಿಕೊಂಡೆ. ಅವನ ಬೂಟುಗಳಿಗಿಂತ ನನ್ನ ಚಪ್ಪಲಿಗಳೇ ನನಗೆ ಹೆಚ್ಚು ಪರಿಚಿತವಾದವು. ನಾನು ನೋಡದಿದ್ದಷ್ಟೂ ಕಾಲ ಅವನು ಕ್ಷೇಮವಾಗಿದ್ದ. ಕೊನೆಗೊಮ್ಮೆ, ನಾನು ಹೋಗದ ಊರಿನಲ್ಲಿ, ಮೊಣಕಾಲಿಗೆ ದೊಡ್ಡ ಪೆಟ್ಟು ಮಾಡಿಕೊಂಡಾಗ ನನ್ನ ನಂಬಿಕೆ ಅಲುಗಬೇಕಿತ್ತು, ಅಲುಗಲಿಲ್ಲ. ಅದು ಬೇರೆ ಯಾರದೋ ಕಣ್ಣು ಎಂದು ತೀರ್ಮಾನಿಸಿದೆ.

ಇಷ್ಟೇ ಆಗಿದ್ದರೆ ಮೂಢಳೊಬ್ಬಳ ಮೂಢತನವೆಂದು ಬಿಡಬಹುದಿತ್ತು. ಆದರೆ ಪ್ರತಿ ಪಂದ್ಯ ಮುಗಿದಾಗಲೂ ಅವನು ಬೆವರು ಸುರಿಸುತ್ತ ನೇರ ನನ್ನ ಬಳಿಗೆ ಬಂದು, ನೋಡಿದೆಯಾ ಅಕ್ಕ ಎಂದು ಕೇಳುತ್ತಿದ್ದ. ನೋಡಿದೆ ಎನ್ನುತ್ತಿದ್ದೆ. ದೊಡ್ಡ ತಂಡವೊಂದರ ವಿರುದ್ಧ ಅವನು ಗೋಲು ಹೊಡೆದು ಇಡೀ ಮೈದಾನ ನಮ್ಮ ಮಂಜುವಿನ ಹೆಸರು ಕೂಗಿದ ದಿನವೂ ಅಂದೆ. ಆ ಗೋಲನ್ನು ನಾನು ಅಂಗಡಿಯಲ್ಲಿ ವರ್ಣಿಸುತ್ತಿದ್ದ ಬಗೆಯನ್ನು ನೀವು ಕೇಳಬೇಕಿತ್ತು: ಗಾಳಿಯ ಹಾಗೆ ಓಡಿದ, ಮಿಂಚಿನ ಹಾಗೆ ನುಗ್ಗಿದ. ಪಕ್ಕದ ಊರು ಮನ್ರೋದಿಂದ ಬರುವ ಅಂಕಲ್ ಒಬ್ಬರು ಮೂರನೆಯ ಸಲ ಕೇಳಿ, "ಹೋದ ತಿಂಗಳು ಇಬ್ಬರನ್ನ ದಾಟಿದ್ದ, ಈಗ ನಾಲ್ಕು ಜನ ಆದ್ರಲ್ಲಮ್ಮ" ಎಂದಿದ್ದರು. ವಿಡಿಯೋ ನೋಡಬಹುದಿತ್ತಲ್ಲ ಎನ್ನುತ್ತೀರಿ. ಮುಗಿದ ಆಟಕ್ಕೆ ದೃಷ್ಟಿ ತಾಗದು, ನಿಜ. ಆದರೆ ಅವನಿಗೆ ತಿಳಿಯದಂತೆ ಕದ್ದು ನೋಡಿ ತಪ್ಪನ್ನು ತೊಳೆದುಕೊಳ್ಳುವುದು ಇನ್ನೊಂದು ಸುಳ್ಳಾಗಿ ಕಂಡಿತು.

ಆಟ ಬಿಟ್ಟ ಮೇಲೆ ಮಂಜು ಮಕ್ಕಳಿಗೆ ಕೋಚ್ ಆಗಿ ನ್ಯೂಜೆರ್ಸಿಗೆ ಬಂದ, ನನ್ನನ್ನೂ ಕರೆಸಿಕೊಂಡ. ಹೋದ ತಿಂಗಳು ನ್ಯೂವಾರ್ಕಿನಲ್ಲಿ ಹಳೆಯ ಪೋರ್ಚುಗೀಸ್ ಆಟಗಾರರೆಲ್ಲ ಸೇರಿ ಸ್ಥಳೀಯ ಹುಡುಗರ ವಿರುದ್ಧ ಒಂದು ಸ್ನೇಹದ ಪಂದ್ಯ ಇಟ್ಟುಕೊಂಡಿದ್ದರು. ಬೂಟು ಕಟ್ಟುತ್ತ ಅವನು ಹೇಳಿದ: "ಅಕ್ಕಾ, ಇದು ಕಡೀ ಆಟ ನೋಡು. ಮೊಣಕಾಲು ಇನ್ನ ಸಾಕಂತಂದಾರ ಡಾಕ್ಟರು." ನಾನು ತಲೆಯಾಡಿಸಿದೆ. ಇವತ್ತೂ ನೋಡದಿದ್ದರೆ, ನನ್ನ ತಮ್ಮನ ಆಟವನ್ನು ನೋಡದೆಯೇ ನಾನು ಸಾಯುತ್ತೇನೆ. ನೋಡಿದರೆ, ಉಳಿದಿರುವ ಮೊಣಕಾಲೂ ಹೋದರೆ?

ಮೊದಲರ್ಧವೆಲ್ಲ ಹುಲ್ಲು ನೋಡುವುದರಲ್ಲೇ ಕಳೆಯಿತು. ಪಕ್ಕದಲ್ಲಿ ಅವನ ಮಗಳು, ಹತ್ತು ವರ್ಷದ ತಾರಾ, ಕೂತಿದ್ದಳು. ಮಕ್ಕಳ ಕಣ್ಣು ತಪ್ಪಿಸಲಾಗದು.

"ಅತ್ತೆ, ಯು ಆರ್ ನಾಟ್ ಈವನ್ ವಾಚಿಂಗ್," ಎಂದಳು. "ಡ್ಯಾಡ್ ಹತ್ರಾನೇ ಬಾಲ್ ಇದೆ."

ತಲೆ ಎತ್ತಿದೆ.

ಅವನು ಓಡುತ್ತಿರಲಿಲ್ಲ. ನಿಂತಿದ್ದ. ಚೆಂಡಿನ ಮೇಲೆ ಒಂದು ಪಾದ ಇಟ್ಟು, ಎದುರಿಗೆ ಬಂದ ಇಪ್ಪತ್ತರ ಹುಡುಗನನ್ನು ನೋಡುತ್ತ, ಬಸ್ಸಿಗೆ ಕಾಯುವವನಂತೆ ಸುಮ್ಮನೆ ನಿಂತಿದ್ದ. ಮೈದಾನವೆಲ್ಲ ನಿಶ್ಶಬ್ದ. ಆ ನಿಲುವನ್ನು ಸಹಿಸಲಾರದೆ ಹುಡುಗನೇ ಒಂದು ಕಡೆಗೆ ವಾಲಿದ. ಮಂಜು ಇನ್ನೊಂದು ಕಡೆಯಿಂದ, ಅವಸರವೇ ಇಲ್ಲದೆ, ಹೊರಟುಹೋದ. ಜನ ಹೋ ಎಂದರು. ಅವನು ದಾಟಿಸಿದ ಚೆಂಡಿಗೆ ಯಾರೋ ತಲೆ ಕೊಟ್ಟು ಗೋಲಿನ ಮೇಲಿಂದ ಹಾರಿಸಿದರು. ನಾನು ಎದ್ದು ನಿಂತಿದ್ದೆ. ಆ ನಿಶ್ಶಬ್ದ ನನಗೆ ಚಿರಪರಿಚಿತ. ವರ್ಷಗಟ್ಟಲೆ ಅದು ಆವರಿಸಿದಾಗಲೆಲ್ಲ ತಮ್ಮ ಬಿದ್ದನೆಂದು ತಿಳಿದು ಕಣ್ಣು ಬಿಗಿಯಾಗಿ ಮುಚ್ಚಿ ದೇವರ ಹೆಸರು ಹೇಳಿಕೊಂಡಿದ್ದೆ. ಅವನು ಬಿದ್ದದ್ದಲ್ಲ, ಹೀಗೆ ನಿಂತದ್ದು; ಅದೇ ಅವನ ವಿದ್ಯೆಯಾಗಿತ್ತು. ಗಾಳಿ, ಮಿಂಚು ಎಂದೆಲ್ಲ ಕೊಚ್ಚಿಕೊಂಡವಳಿಗೆ ನನ್ನ ತಮ್ಮ ನಿಲ್ಲುವುದರಲ್ಲಿ ನಿಸ್ಸೀಮನೆಂಬುದೇ ತಿಳಿದಿರಲಿಲ್ಲ.

ಆಟ ಮುಗಿಸಿ ಬಂದು, ಎಂದಿನಂತೆ ಕೇಳಿದ: "ನೋಡಿದೇನಕ್ಕಾ?"

"ಇವತ್ತ ನೋಡಿದೆ," ಅಂದೆ.

ಅವನು ಬೂಟಿನ ಲೇಸು ಬಿಚ್ಚುವುದನ್ನು ನಿಲ್ಲಿಸಿದ. ಎಲ್ಲ ಹೇಳಿದೆ, ಹೆಗಲಿನ ಎಲುಬಿನಿಂದ ಹಿಡಿದು.

"ಆ ಗೋಲೂ ನೋಡಿಲ್ಲಾ?"

"ಇಲ್ಲ."

ಬೂಟಿಗೆ ಮೆತ್ತಿದ ಹುಲ್ಲನ್ನು ಅವನು ಒಂದೊಂದಾಗಿ ಕಿತ್ತ. ಆಮೇಲೆ, ನನ್ನ ಕಡೆ ನೋಡದೆ, "ನಾ ಆಡತಿದ್ದದ್ದ ನಿನಗ ತೋರಸಾಕ," ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅವನು ಮತ್ತೆ ಲೇಸು ಕಟ್ಟಿಕೊಂಡ. ತಾರಾಳನ್ನು ಎರಡು ಚೀಲಗಳ ನಡುವೆ ಗೋಲಿಗೆ ನಿಲ್ಲಿಸಿದ. ನನ್ನನ್ನು ತೋಳು ಹಿಡಿದು ಎಬ್ಬಿಸಿ, ತನ್ನೆದುರು ಹುಲ್ಲಿನ ಮೇಲೆ ನಿಲ್ಲಿಸಿ, "ಆ ಗೋಲಿನ ದಿನ ನನ್ನ ತಡಿಯಾಕ ಬಂದ ಡಿಫೆಂಡರ್ ಹಿಂಗ ನಿಂತಿದ್ದ. ಈಗ ಅವ ನೀನು. ಕಣ್ಣು ಮುಚ್ಚಬ್ಯಾಡ," ಅಂದ. ಸೀರೆ ಎತ್ತಿ ಸಿಕ್ಕಿಸಿಕೊಂಡೆ. ಚೆಂಡಿನ ಮೇಲೆ ಪಾದ ಇಟ್ಟು ಅವನು ನಿಂತ. ನಾನೂ ನಿಂತೆ, ರೆಪ್ಪೆ ಬಡಿಯಲಿಲ್ಲ, ದೇವರಾಣೆ. ಆದರೂ ಅದೇನಾಯಿತೋ, ನಾನು ಎಡಕ್ಕೆ ವಾಲಿದೆ. ಬಲಗಡೆಯಿಂದ ನನ್ನ ತಮ್ಮ ಹಾದುಹೋದ, ಹಿಂದೆ ತಾರಾ ಕಿರುಚಿದಳು. ಪೋರ್ಚುಗಲ್ಲಿನ ಎಷ್ಟೋ ಗಟ್ಟಿ ಡಿಫೆಂಡರುಗಳು ಅವನಿಗೆ ಹೀಗೆ ಮೋಸಹೋಗಿದ್ದಾರೆ. ಅವರಲ್ಲಿ ಕೊನೆಯವಳು ನಾನು ಎಂದು ಈಗ ಅಂಗಡಿಯಲ್ಲಿ ಹೇಳುತ್ತೇನೆ. ಅವನು ದಾಟಿದ್ದು ಒಬ್ಬಳನ್ನೇ ಎಂದೂ.